ನಾಕಿಂಚು ಪೈಪು, ಒಂದಿಂಚು ಓವರ್‌ಫ್ಲೋ

ಟೆರೇಸ್ ಮೇಲೆ ಬೀಳೋ ಮಳೆ ನೀರು ಹಿಡಿಯೋಕೆ ಹೋಗಿ ನಾವು ಪಟ್ಟ ಪಾಡಿನ ಕಥೆ ಇದು. ನೀರಿಗೆ ಹಾಹಾಕಾರ ಆದ 2024ರ ಮಾರ್ಚ್ ತಿಂಗಳು ಬೆಂಗಳೂರಲ್ಲಿದ್ದೋರಿಗೆ ಮರೆಯೋಕಾಗಲ್ಲ ಬಿಡಿ. ನಮ್ಮದು ಉಲ್ಲಾಳದ ಹತ್ರ 30-40 ಸೈಟು, 2003ರಲ್ಲಿ ಕಟ್ಟಿದ ಮನೆ, ಕಾವೇರಿ ವಾರಕ್ಕೆ ಎರಡು ಸಲ, ಮಿಕ್ಕಿದ್ದೆಲ್ಲ ಬೋರ್‌ವೆಲ್ಲು. ಆ ಬೋರು ಫೆಬ್ರವರಿ ಕೊನೇಲೇ ಕೆಮ್ಮೋಕೆ ಶುರು ಮಾಡ್ತು, ಹತ್ತು ನಿಮಿಷ ನೀರು ಬಂದ್ರೆ ಆಮೇಲೆ ಬರೀ ಗಾಳಿ, ಮೋಟ್ರು ಸುಟ್ಟೋಗುತ್ತೆ ಅಂತ ನಮ್ಮ ಯಜಮಾನ್ರು ಓಡೋಗಿ ಸ್ವಿಚ್ ಆಫ್ ಮಾಡೋದು. ಟ್ಯಾಂಕರ್‌ನೋರಿಗೆ ಫೋನ್ ಮಾಡಿದ್ರೆ 12 ಸಾವಿರ ಲೀಟರಿಗೆ 2,200 ಅಂದ್ರು, ಅದೂ ನಾಳಿದ್ದು ರಾತ್ರಿ ಹನ್ನೊಂದರ ಮೇಲೆ. ಅದೇ ಟೈಮಿಗೆ ಜಲಮಂಡಳಿಯಿಂದ ಆರ್ಡರ್ ಬಂತು, ಕುಡಿಯೋ ನೀರನ್ನ ಗಾಡಿ ತೊಳೆಯೋಕೆ ಗಿಡಕ್ಕೆ ಹಾಕೋಕೆ ಬಳಸಿದ್ರೆ 5,000 ರೂಪಾಯಿ ದಂಡ ಅಂತ. ಸರಿಯಾದ ಆರ್ಡರ್ರೇ, ನಾನೇನೂ ಬೈಯಲ್ಲ, ನೂರು ಕಿಲೋಮೀಟರ್ ಆಚೆ ತೊರೆಕಾಡನಹಳ್ಳಿಯಿಂದ ಬೆಟ್ಟದಷ್ಟು ಎತ್ತರಕ್ಕೆ ಪಂಪ್ ಮಾಡ್ಕೊಂಡು ತಂದ ನೀರನ್ನ ಕನಕಾಂಬರಕ್ಕೆ ಹಾಕೋದು ಯಾವ ನ್ಯಾಯ. ಆದ್ರೆ ನಂದು ನಲವತ್ತೈದು ಕುಂಡ, ಅದರ ಜೊತೆ ನೆಲದಲ್ಲಿ ಒಂದು ನುಗ್ಗೆ, ಒಂದು ಕರಿಬೇವು, ಎರಡು ಬಾಳೆ. ಅವಕ್ಕೆ ಆರ್ಡರ್ ಅರ್ಥ ಆಗಲ್ವಲ್ಲ.

ಮೊದ್ಲು ಮಾಡಿದ ದಡ್ಡತನ ಹೇಳ್ಬಿಡ್ತೀನಿ. ಅಡಿಗೆಮನೇಲಿ ಕುಡಿಯೋ ನೀರು ಶುದ್ಧ ಮಾಡೋ ಆರ್‌ಓ ಮೆಶಿನ್ನಿಂದ ಆಚೆ ಹೋಗೋ ವೇಸ್ಟ್ ನೀರನ್ನ ಬಕೆಟಲ್ಲಿ ಹಿಡ್ದು ಗಿಡಕ್ಕೆ ಹಾಕಿದೆ, ಎಷ್ಟು ಜಾಣೆ ನಾನು ಅಂದ್ಕೊಂಡು. ನಮ್ಮ ಬೋರ್ ನೀರೇ ಗಡಸು, ಅದರಲ್ಲಿರೋ ಉಪ್ಪೆಲ್ಲ ಆ ವೇಸ್ಟ್ ನೀರಲ್ಲಿ ಸೇರ್ಕೊಂಡು ಬರುತ್ತೆ ಅಂತ ತಲೆಗೆ ಹೊಳೀಲೇ ಇಲ್ಲ. ಮೂರು ವಾರಕ್ಕೆ ಕನಕಾಂಬರದ ಎಲೆ ತುದಿ ಎಲ್ಲ ಊದುಬತ್ತಿಲಿ ಸುಟ್ಟಂಗೆ ಆಯ್ತು, ಮಣ್ಣಿನ ಮೇಲೆ ಬಿಳಿ ಪುಡಿ, ಕರಿಬೇವು ಹಳದಿ.

ನಮ್ಮಮ್ಮ ನಮ್ಮ ಜೊತೆನೇ ಇರೋದು. ಅವರ ತೌರು ಚಿಕ್ಕನಾಯಕನಹಳ್ಳಿ ಕಡೆ. ಟ್ಯಾಂಕರ್‌ನೋನಿಗೆ ದುಡ್ಡು ಕೊಡೋದನ್ನ ಜಗಲಿ ಮೇಲೆ ಕೂತ್ಕೊಂಡು ನೋಡಿ ಒಂದೇ ಮಾತು ಅಂದ್ರು, "ಮಳೆಗಾಲದಲ್ಲಿ ಸೂರಿನ ನೀರೆಲ್ಲ ಮೋರಿಗೆ ಬಿಟ್ಟು ಈಗ ಲಾರಿ ನೀರಿಗೆ ದುಡ್ ಸುರೀರಿ." ಅವರೂರಲ್ಲಿ ಹೆಂಚಿನ ಮನೆ ಸೂರಿನ ಕೆಳಗೆ ಸಾಲಾಗಿ ಹಂಡೆ, ಕೊಪ್ಪರಿಗೆ, ಕೊಳಗ ಇಡ್ತಿದ್ರಂತೆ, ಮೊದಲ ಮಳೆ ನೀರು ದನಕ್ಕೆ, ಎರಡನೇದು ಬಟ್ಟೆಗೆ, ಆಮೇಲಿಂದು ಬೇಳೆ ಬೇಯ್ಸೋಕೆ. ಬಾವಿ ನೀರಲ್ಲಿ ತೊಗರಿಬೇಳೆ ಎಷ್ಟು ಸೌದೆ ಉರಿಸಿದ್ರೂ ಬೇಯ್ತಿರ್ಲಿಲ್ವಂತೆ. ಈ ಕಥೆ ನಾನು ನೂರು ಸಲ ಕೇಳಿದೀನಿ, ಆವತ್ತು ಮಾತ್ರ ಸ್ವಲ್ಪ ಚುಚ್ತು.

ಮುಂದಿನ ಶನಿವಾರ ಇವ್ರನ್ನ ಎಳ್ಕೊಂಡು ಜಯನಗರ 5ನೇ ಬ್ಲಾಕಲ್ಲಿರೋ ಸರ್ ಎಂ. ವಿಶ್ವೇಶ್ವರಯ್ಯ ಮಳೆ ನೀರು ಕೊಯ್ಲು ಥೀಮ್ ಪಾರ್ಕಿಗೆ ಹೋದ್ವಿ, ಜಲಮಂಡಳಿದೇ ಅದು, ಇಷ್ಟು ವರ್ಷ ಅದೇ ರೋಡಲ್ಲಿ ಓಡಾಡಿ ಒಳಗೆ ಕಾಲಿಟ್ಟಿರ್ಲಿಲ್ಲ. ನಾನಾ ಥರದ ಫಿಲ್ಟರು, ಇಂಗು ಗುಂಡಿ ಮಾಡೆಲ್ಲು ಎಲ್ಲ ಇದೆ, ಪುಸ್ತಕದಲ್ಲಿ ಓದೋದಕ್ಕಿಂತ ಕಣ್ಣಲ್ಲಿ ನೋಡಿದ್ರೆ ಬೇಗ ಅರ್ಥ ಆಗುತ್ತೆ. 2009ರಲ್ಲಿ ಬಂದ ಕಾನೂನು ಪ್ರಕಾರ ಹಳೇ ಮನೆ ಆದ್ರೆ 60-40 ಸೈಟು ಮೇಲ್ಪಟ್ಟವರಿಗೆ, ಹೊಸದಾಗಿ ಕಟ್ಟೋರಿಗಾದ್ರೆ 30-40 ಮೇಲೆ ಮಳೆಕೊಯ್ಲು ಕಡ್ಡಾಯ. ನಮ್ಮದು ಹಳೇದು, ಚಿಕ್ಕದು, ಹಾಗಾಗಿ ಇಷ್ಟು ವರ್ಷ ಯಾರೂ ಕೇಳಿರ್ಲಿಲ್ಲ, ನಾವೂ ಕೇಳ್ಕೊಂಡಿರ್ಲಿಲ್ಲ. ಎ.ಆರ್. ಶಿವಕುಮಾರ್ ಅವರ ವಿಜಯನಗರದ ಮನೆ ಬಗ್ಗೆ ನೀವೂ ಓದಿರ್ತೀರ, ಐಐಎಸ್‌ಸಿ ಕ್ಯಾಂಪಸ್ಸಲ್ಲಿರೋ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ (ಕೆಎಸ್‌ಸಿಎಸ್‌ಟಿ) ವಿಜ್ಞಾನಿ ಆಗಿದ್ದೋರು, 1995ರಿಂದ ಕಾವೇರಿ ಕನೆಕ್ಷನ್ನೇ ಇಲ್ಲದೆ ಮಳೆ ನೀರಲ್ಲೇ ಸಂಸಾರ ಮಾಡ್ಕೊಂಡು ಬಂದಿರೋರು. ಓದಿದಾಗ ಹುರುಪೂ ಬಂತು ಹೊಟ್ಟೆಕಿಚ್ಚೂ ಆಯ್ತು, ಅವರು ಮನೆ ಕಟ್ಟುವಾಗ್ಲೇ ಯೋಚನೆ ಮಾಡಿದ್ರು, ನಾವು ಕಟ್ಟುವಾಗ ಬಾತ್‌ರೂಂ ಟೈಲ್ಸ್ ಕಲರ್ ಬಗ್ಗೆ ಜಗಳ ಆಡ್ತಿದ್ವಿ.

ಮನೆಗೆ ಬಂದು ಟೇಪ್ ಹಿಡ್ದು ಟೆರೇಸ್ ಅಳತೆ ಮಾಡಿದ್ವಿ, 80 ಚದರ ಮೀಟರ್ ಹತ್ತತ್ರ. ಲೆಕ್ಕ ಬಹಳ ಸುಲಭ, ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ರೆ ಒಂದು ಲೀಟರ್ ನೀರು. ಬೆಂಗಳೂರಲ್ಲಿ ವರ್ಷಕ್ಕೆ ಸರಾಸರಿ 970 ಮಿಮೀ ಆಸುಪಾಸು ಮಳೆ, ಅಂದ್ರೆ ನಮ್ಮ ಮಾಳಿಗೆ ಮೇಲೆ 77 ಸಾವಿರ ಲೀಟರ್, ಆವಿ ಆಗಿದ್ದು ಚೆಲ್ಲಿದ್ದು ಕಳೆದ್ರೂ 60 ಸಾವಿರದ ಮೇಲೆ. ಐದು ಲಾರಿ! ಇವ್ರು ಕ್ಯಾಲ್ಕುಲೇಟರ್ ಎರಡು ಸಲ ಒತ್ತಿ ನೋಡಿದ್ರು. ಈ 60 ಸಾವಿರ ಅನ್ನೋ ನಂಬರ್ರು ನಮ್ಮ ತಲೆ ಕೆಡಿಸಿಬಿಡ್ತು, ಇದು ಎಲ್ಲಿಗೆ ಬಂದು ನಿಂತ್ಕೊಳ್ತು ಅಂತ ಆಮೇಲೆ ಹೇಳ್ತೀನಿ.

ಅದಕ್ಕೂ ಮುಂಚೆ ನೀರು ಈಗ ಎಲ್ಲಿಗೆ ಹೋಗ್ತಿದೆ ಅಂತ ನೋಡ್ಬೇಕಲ್ಲ. ಟೆರೇಸಿಂದ ಇಳಿಯೋ ಪೈಪು ಮೂರು, ಎರಡು ಮುಂದೆ, ಒಂದು ಹಿಂದೆ. ಒಂದೊಂದಕ್ಕೂ ಒಂದೊಂದು ಬಕೆಟ್ ನೀರು ಸುರಿದು ಕೆಳಗೆ ನಿಂತು ನೋಡಿದ್ವಿ. ಮುಂದಿನ ಎರಡರ ನೀರು ಗೇಟಿನ ಪಕ್ಕ ಬಂದು ರೋಡಿಗೆ ಹೋಯ್ತು. ಹಿಂದಿನದರಲ್ಲಿ ನೀರು ಎಲ್ಲೂ ಬರ್ಲೇ ಇಲ್ಲ. ಇನ್ನೊಂದು ಬಕೆಟ್ ಸುರಿದ್ವಿ, ಊಹುಂ. ಕೊನೆಗೆ ಪ್ಲಂಬರ್ ಬಂದು ಹಿಂದ್ಗಡೆ ಚೇಂಬರ್ ಮುಚ್ಚಳ ತೆಗೆದ್ರೆ ಅಲ್ಲಿ ಜುಳುಜುಳು ಅಂತ ಹರೀತಿದೆ, ಟಾಯ್ಲೆಟ್ ಲೈನಿಗೆ ಜಾಯಿಂಟ್ ಕೊಟ್ಬಿಟ್ಟಿದಾರೆ ಕಟ್ಟುವಾಗ್ಲೇ. "ಎಲ್ಲ ಮನೇಲೂ ಹಿಂಗೇ ಮೇಡಂ" ಅಂದ ಅವ್ನು ಸಲೀಸಾಗಿ. ಹಂಗೆ ಮಾಡೋ ಹಾಗೇ ಇಲ್ಲ, ಮಳೆ ನೀರು ಒಳಚರಂಡಿಗೆ ಬಿಡಬಾರದು. ಜೋರು ಮಳೆ ಬಂದಾಗೆಲ್ಲ ನಮ್ಮ ಕ್ರಾಸ್ ಕೊನೇಲಿರೋ ಮ್ಯಾನ್‌ಹೋಲ್ ಉಕ್ಕಿ ಗಬ್ಬು ನಾತ ಬರೋದು, ನಾನು ಪ್ರತಿ ವರ್ಷ ಮೂಗು ಮುಚ್ಕೊಂಡು ಬೈಕೊಂಡೇ ಓಡಾಡ್ತಿದ್ದೆ, ಇಪ್ಪತ್ತು ವರ್ಷದಿಂದ ಅದರಲ್ಲಿ ನಮ್ಮನೆ ಪಾಲೂ ಇತ್ತು ಅಂತ ಆವತ್ತು ಗೊತ್ತಾಗಿದ್ದು. ಆ ಜಾಯಿಂಟ್ ಕತ್ತರಿಸಿ ಎಂಡ್ ಕ್ಯಾಪ್ ಹಾಕಿಸಿ, ಪೈಪನ್ನ ಬಾಳೆ ಬುಡಕ್ಕೆ ತಿರುಗಿಸಿದ್ವಿ. ಇಡೀ ಕೆಲಸದಲ್ಲಿ ಬೇರೆ ಏನೂ ಮಾಡ್ದೆ ಇದೊಂದೇ ಮಾಡಿದ್ರೂ ಸಾಕಿತ್ತೇನೋ ಅನ್ಸುತ್ತೆ.

ಟೆರೇಸಲ್ಲಿ ಇನ್ನೊಂದು ಸಮಸ್ಯೆ, ವಾಶಿಂಗ್ ಮೆಶಿನ್ ಮೇಲೇ ಇರೋದು, ಸೋಪಿನ ನೀರು ಅದೇ ಮುಂದಿನ ಪೈಪಿಗೆ ಹೋಗ್ತಿತ್ತು. ಅದಕ್ಕೆ ಬೇರೆ ಲೈನ್ ಎಳೆಸಿದ್ದಕ್ಕೇ ಅರ್ಧ ದಿನ ಹಿಡೀತು.

ಆಮೇಲೆ ಸಾಮಾನು. 1,000 ಲೀಟರಿನ ಎರಡು ಸಿಂಟೆಕ್ಸ್, ನಾಕಿಂಚು ಪಿವಿಸಿ ಪೈಪು, ಎಲ್ಬೋ, ಟೀ, ಕ್ಲಾಂಪು, ಸಲ್ಯೂಷನ್ ಡಬ್ಬಿ, ಒಂದು ಫಿಲ್ಟರು, ಎಲ್ಲ ಸೇರಿ ಕೂಲಿ ಬಿಟ್ಟು 24 ಸಾವಿರ ಚಿಲ್ರೆ ಆಯ್ತು. ಟ್ಯಾಂಕನ್ನ ನೆಲದ ಮೇಲೇ ಇಟ್ರೆ ನಲ್ಲಿ ಕೆಳಗೆ ಬಕೆಟ್ ಹಿಡಿಯೋಕಾಗಲ್ಲ, ಅದಕ್ಕೆ ಎರಡಡಿ ಎತ್ತರಕ್ಕೆ ಇಡ್ಬೇಕು. ಪ್ಲಂಬರ್ ಹಾಲೋ ಬ್ಲಾಕ್ ನಾಕು ಮೂಲೆಗೆ ಜೋಡ್ಸಿ ಅದರ ಮೇಲೆ ಟ್ಯಾಂಕ್ ಕೂರಿಸಿಬಿಟ್ಟಿದ್ದ, ನಾನೂ ಚೆನ್ನಾಗಿದೆ ಅಂದ್ಕೊಂಡೆ, ಅಮ್ಮ ನೋಡಿ "ತುಂಬಿದ ಹಂಡೇನ ಮೂರು ಕಲ್ಲಿನ ಮೇಲೆ ಇಟ್ರೆ ತಳ ಜೋತುಬೀಳಲ್ವೇನೆ" ಅಂದ್ರು. ಸಾವಿರ ಲೀಟರ್ ಅಂದ್ರೆ ಒಂದು ಟನ್ ತೂಕ, ಎರಡು ಟ್ಯಾಂಕ್ ಅಂದ್ರೆ ಎರಡು ಟನ್, ತಳ ಪೂರ್ತಿ ಕೂತಿರ್ಬೇಕು. ಬಿಚ್ಚಿಸಿ ಕಟ್ಟೆ ಥರ ಕಟ್ಟಿಸಿ ಮೇಲೆ ಚಪ್ಪಡಿ ಹಾಕ್ಸಿದ್ವಿ. ಆದ್ರೆ ಕಟ್ಟೆ ಕೆಳಗಿನ ಮಣ್ಣನ್ನ ಸರಿಯಾಗಿ ದಮ್ಮಸ್ಸು ಹಾಕ್ಸಲಿಲ್ಲ, ಅದು ಆಮೇಲೆ ಕೈಕೊಡ್ತು.

ಮೊದಲ ಮಳೆ ನೀರು ಟ್ಯಾಂಕಿಗೆ ಹೋಗಬಾರದು ಅನ್ನೋದು ಎಲ್ಲರೂ ಹೇಳೋ ಮಾತು. ಧೂಳು, ಪಾರಿವಾಳದ ಹಿಕ್ಕೆ, ಪಕ್ಕದ ಹೊಂಗೆ ಮರದ ಹೂವು, ಎಲ್ಲ ಅದರಲ್ಲೇ ಬರೋದು. ಅದಕ್ಕೆ ಪ್ಲಂಬರ್ ಇಳಿಯೋ ಪೈಪಿಗೆ ಒಂದು ಟೀ (ಮೂರು ಬಾಯಿ ಇರೋ ಜಾಯಿಂಟು) ಹಾಕಿ, ಕೆಳಕ್ಕೆ ಐದಡಿ ಪೈಪ್ ನಿಲ್ಲಿಸಿ ತುದಿ ಮುಚ್ಚಿದ, ಮೊದಲ ಕೊಳಕು ನೀರು ಅದರಲ್ಲಿ ತುಂಬ್ಕೊಳ್ಳುತ್ತೆ, ತುಂಬಿದ ಮೇಲೆ ಒಳ್ಳೇ ನೀರು ಟ್ಯಾಂಕಿಗೆ ಹೋಗುತ್ತೆ ಅಂತ. ನೋಡೋಕೆ ಬಹಳ ಜೋರಾಗಿತ್ತು. ಮಾಡಿ ಮುಗಿಸಿ ಕಾದ್ವಿ. ಏಪ್ರಿಲ್ ಪೂರ್ತಿ ಒಂದು ಹನಿ ಇಲ್ಲ, ಬೆಂಗಳೂರಿಗೆ ಎಷ್ಟೋ ವರ್ಷದ ಮೇಲೆ ಮಳೆನೇ ಕಾಣದ ಏಪ್ರಿಲ್ ಅದು. ಅಮ್ಮ ಕ್ಯಾಲೆಂಡರ್ ನೋಡಿ ನೋಡಿ ಅಶ್ವಿನಿ ಹೋಯ್ತು, ಭರಣಿನೂ ಹಿಂಗೇ ಹೋದ್ರೆ ಕಷ್ಟ ಕಣೆ ಅನ್ನೋರು. ಭರಣಿ ಮಳೆ ಬಂದ್ರೆ ಧರಣಿಯೆಲ್ಲ ಬೆಳೆ ಅಂತ ಗಾದೆನೇ ಇದ್ಯಲ್ಲ.

ಮೇ ಮೊದಲ ವಾರದಲ್ಲಿ ಬಂತು ನೋಡಿ. ಗುಡುಗು, ಗಾಳಿ, ಕರೆಂಟ್ ಹೋಯ್ತು, ನಾವು ಮೂರೂ ಜನ ಮೊಬೈಲ್ ಟಾರ್ಚ್ ಹಿಡ್ಕೊಂಡು ಟ್ಯಾಂಕ್ ಮುಂದೆ ನಿಂತಿದ್ವಿ, ಒಳಗೆ ನೀರು ಬೀಳೋ ಸೌಂಡ್ ಕೇಳಿ ಇವ್ರು ಚಪ್ಪಾಳೆ ಹೊಡೆದ್ರು. ಬೆಳಗ್ಗೆ ಮುಚ್ಚಳ ತೆಗೆದು ನೋಡಿದ್ರೆ ಟೀ ಅಂಗಡಿ ಡಿಕಾಕ್ಷನ್ ಥರ ನೀರು, ಮೇಲೆ ಹೊಂಗೆ ಹೂವು ತೇಲ್ತಿದೆ.

ಆಗ ಕೂತು ಲೆಕ್ಕ ಹಾಕಿದೆ, ಮೊದಲೇ ಹಾಕ್ಬೇಕಿತ್ತು. ನಾಕಿಂಚು ಪೈಪಲ್ಲಿ ಒಂದು ಮೀಟರಿಗೆ ಹಿಡಿಯೋದು ಸುಮಾರು ಎಂಟೂವರೆ ಲೀಟರ್, ಐದಡಿಗೆ 13 ಲೀಟರ್. ಮುಂದಿನ ಎರಡು ಪೈಪಿಗೆ ಬರೋ ಟೆರೇಸ್ ಭಾಗದ ಮೇಲೆ ಒಂದೇ ಒಂದು ಮಿಮೀ ಮಳೆ ಬಿದ್ರೂ 50 ಲೀಟರ್ ಮೇಲೆ ಆಗುತ್ತೆ. ಅಂದ್ರೆ ಮೂರು ತಿಂಗಳ ಧೂಳು ತೊಳೆಯೋಕೆ ನಾವಿಟ್ಟಿದ್ದು ಒಂದು ಚೊಂಬು. ಹಳೇ ನೀಲಿ ಡ್ರಮ್ಮು, 100 ಲೀಟರಿಂದು, ತಿರುಗಣಿ ಮುಚ್ಚಳದ್ದು, ಗುಜರಿ ಅಂಗಡೀಲಿ 600ಕ್ಕೆ ಸಿಕ್ತು. ಅದನ್ನ ಆ ಟೀ ಕೆಳಗೆ ಕೂರಿಸಿ, ಮುಚ್ಚಳಕ್ಕೆ ಪೈಪ್ ಸೇರಿಸಿ ಎಂ-ಸೀಲ್ ಮೆತ್ತಿ, ತಳದಲ್ಲಿ ಒಂದು ಸಣ್ಣ ನಲ್ಲಿ ಇಟ್ಟು ತೊಟ್ಟಿಕ್ಕೋ ಹಾಗೆ ಬಿಟ್ವಿ, ಆ ನೀರು ನುಗ್ಗೆ ಬುಡಕ್ಕೆ. ಮಳೆ ನಿಂತು ಒಂದು ದಿನದಲ್ಲಿ ಡ್ರಮ್ ಖಾಲಿ, ಮುಂದಿನ ಮಳೆಗೆ ರೆಡಿ. ನಲ್ಲಿ ಬಾಯಿಗೆ ಮಣ್ಣು ಕಟ್ಕೊಳ್ಳುತ್ತೆ, ತಿಂಗಳಿಗೊಂದು ಸಲ ಊದುಬತ್ತಿ ಕಡ್ಡಿ ಹಾಕಿ ಚುಚ್ಬೇಕು. ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿದ್ದು ಮಾತ್ರ ಪೊರಕೆ, ಮೋಡ ಕಟ್ಟಿದ ತಕ್ಷಣ ಓಡೋಗಿ ಟೆರೇಸ್ ಗುಡಿಸಿದ್ರೆ ಅರ್ಧ ಫಿಲ್ಟರ್ ಆದಂಗೆ.

ಈಗ ಜೂನ್ 2, ಭಾನುವಾರ, ರೋಹಿಣಿ ಮಳೆ. ಆವತ್ತು ಬೆಂಗಳೂರಿಗೆ 111 ಮಿಮೀ ಬಿತ್ತು, ಜೂನ್ ತಿಂಗಳ ಒಂದೇ ದಿನದಲ್ಲಿ ಇಷ್ಟು ಬಿದ್ದಿದ್ದು 133 ವರ್ಷದಲ್ಲಿ ಇದೇ ಮೊದಲು ಅಂತ ಮಾರನೇ ದಿನ ಪೇಪರಲ್ಲಿ ಬಂತು. ನಮಗೆ ಪೇಪರ್ ಬೇಕಾಗಿರ್ಲಿಲ್ಲ. ಸಾಯಂಕಾಲ ಶುರುವಾಗಿದ್ದು, ನಾನು ಬಜ್ಜಿಗೆ ಎಣ್ಣೆ ಇಟ್ಟಿದ್ದೆ, ಟ್ಯಾಂಕು ಹಿಂದಿನ ವಾರದ ಮಳೇಲೇ ಮುಕ್ಕಾಲು ತುಂಬಿತ್ತು. ಹತ್ತು ನಿಮಿಷಕ್ಕೆ ಹೊರಗಡೆ ಧಡ್ ಅಂತ ಶಬ್ದ. ಹೋಗಿ ನೋಡಿದ್ರೆ ಟ್ಯಾಂಕಿನ ಮುಚ್ಚಳ ಎಗರಿ ಗೇಟ್ ಹತ್ರ ಬಿದ್ದಿದೆ, ಬಾಯಿಂದ ನೀರು ಜೋಗದ ಥರ ನಾಲ್ಕೂ ಕಡೆ ಸುರೀತಿದೆ. ಯಾಕೆ ಅಂತ ಆ ಕ್ಷಣಕ್ಕೆ ಅರ್ಥ ಆಗ್ಲಿಲ್ಲ, ಓವರ್‌ಫ್ಲೋ ಪೈಪ್ ಇತ್ತಲ್ಲ! ಇತ್ತು, ಒಂದಿಂಚಿಂದು. ಒಳಗೆ ಬರೋದು ನಾಕಿಂಚು ಪೈಪಲ್ಲಿ, ಆಚೆ ಹೋಗೋಕೆ ಬಿಟ್ಟಿರೋದು ಒಂದಿಂಚು. ಅಂಗಡಿಯೋನೂ ಹೇಳಿರ್ಲಿಲ್ಲ, ಪ್ಲಂಬರೂ ಹೇಳಿರ್ಲಿಲ್ಲ, ನಮ್ಮ ಬುದ್ಧಿಗೂ ಹೊಳೆದಿರ್ಲಿಲ್ಲ.

ಕಟ್ಟೆ ಬುಡದ ಮಣ್ಣು ಕಣ್ಣೆದುರೇ ಕೊಚ್ಕೊಂಡು ಹೋಗ್ತಿತ್ತು, ಎಡಗಡೆ ಟ್ಯಾಂಕು ಸ್ವಲ್ಪ ಸ್ವಲ್ಪ ವಾಲ್ತಿದೆ. ಇವ್ರು ಛತ್ರಿ ಬಿಸಾಕಿ ಬನೀನಲ್ಲೇ ಓಡೋಗಿ ಡ್ರಮ್ಮಿನ ನಲ್ಲಿ ತಿರುಗಿಸಿದ್ರು, ಅದು ಅರ್ಧ ಇಂಚಿಂದು, ಅದರಿಂದ ಏನಾಗುತ್ತೆ. "ರೀ, ಮೇಲಿನ ಪೈಪ್ ಕಿತ್ತಾಕಿ!" ಅಂತ ನಾನು ಕಿರುಚ್ದೆ, ಕ್ಲಾಂಪ್ ಬಿಚ್ಚೋಕೆ ಸ್ಕ್ರೂಡ್ರೈವರ್ ಸಿಗ್ತಿಲ್ಲ, ಕೊನೆಗೆ ಸುತ್ತಿಗೇಲಿ ಎಲ್ಬೋನೇ ಒಡೆದಾಕಿದ್ರು. ಅಷ್ಟೊತ್ತಿಗೆ ನೀರು ಪಕ್ಕದ ಮನೆ ಆಂಟಿ ಕಾಂಪೌಂಡ್ ಒಳಗೆ ನುಗ್ಗಿ ಅವರ ಸ್ಕೂಟರ್ ಅರ್ಧ ಚಕ್ರ ಮುಳುಗಿತ್ತು. ಅವರು ಕಿಟಕಿಯಿಂದ್ಲೇ, "ಮಳೆ ನೀರು ಹಿಡೀತೀವಿ ಅಂತ ನಮ್ಮನೇಲಿ ಹಿಡೀತಿದೀರೇನಮ್ಮಾ?" ಏನು ಹೇಳೋದು. ಒಲೆ ಮೇಲಿನ ಎಣ್ಣೆ ಅಮ್ಮ ಆಫ್ ಮಾಡಿದ್ರು, ಪುಣ್ಯ. ರಾತ್ರಿ ಕೂತು ಲೆಕ್ಕ ಹಾಕಿದ್ರೆ ಆವತ್ತೊಂದೇ ದಿನ ನಮ್ಮ ಟೆರೇಸ್ ಮೇಲೆ ಬಿದ್ದಿದ್ದು ಎಂಟೂಮುಕ್ಕಾಲು ಸಾವಿರ ಲೀಟರಿಗೂ ಮೇಲೆ. ನಮ್ಮ ಹತ್ರ ಇರೋದು ಎರಡು ಸಾವಿರದ್ದು, ಅದರಲ್ಲೂ ಮುಕ್ಕಾಲು ಮೊದಲೇ ತುಂಬಿತ್ತು.

ಆಂಟಿ ಸ್ಕೂಟರ್ ಸರ್ವಿಸ್ ಮಾಡಿಸಿ ಕೊಟ್ವಿ. ಕಟ್ಟೆ ಬಿಚ್ಚಿ ಬುಡಕ್ಕೆ ಕಾಂಕ್ರೀಟ್ ಹಾಕಿ ಮತ್ತೆ ಕಟ್ಟಿಸಿದ್ವಿ. ಓವರ್‌ಫ್ಲೋಗೂ ನಾಕಿಂಚೇ ಹಾಕ್ಸಿದ್ವಿ, ಆದ್ರೆ ಆ ನೀರು ಮತ್ತೆ ಹೋಗೋದು ರೋಡಿಗೇ.

ಜುಲೈಲಿ ಇನ್ನೊಂದು. ಆ ವರ್ಷ ಡೆಂಗ್ಯೂ ಜೋರಾಗಿತ್ತು, ಸೆಪ್ಟೆಂಬರಲ್ಲಿ ಸರ್ಕಾರ ಅದನ್ನ ಸಾಂಕ್ರಾಮಿಕ ಅಂತಾನೇ ಘೋಷಣೆ ಮಾಡ್ತು, ಮನೇಲಿ ಸೊಳ್ಳೆ ಹುಟ್ಟೋ ಹಾಗೆ ನೀರು ನಿಲ್ಲಿಸಿದ್ರೆ ದಂಡ ಬೇರೆ. ಆಶಾ ಕಾರ್ಯಕರ್ತೆ ಒಬ್ರು ಬಂದು ಟಾರ್ಚ್ ಬಿಟ್ಟು ಟ್ಯಾಂಕ್ ಒಳಗೆ ನೋಡಿದ್ರು, ಟ್ಯಾಂಕ್ ಸರಿ ಇತ್ತು. ಆಮೇಲೆ ಓವರ್‌ಫ್ಲೋ ಪೈಪಿನ ಬಾಯಿ ತೋರ್ಸಿ "ಇದಕ್ಕೇನು ಕಟ್ಟಿದೀರ ಅಕ್ಕಾ?" ಅಂದ್ರು. ಏನೂ ಕಟ್ಟಿರ್ಲಿಲ್ಲ, ಸೊಳ್ಳೆಗೆ ನಾಕಿಂಚಿನ ಬಾಗಿಲು ತೆಗೆದಿಟ್ಟಿದ್ವಿ. ಆ ನೀಲಿ ಡ್ರಮ್ ತಳದಲ್ಲೂ ಎರಡು ಬೆರಳಷ್ಟು ನೀರು ನಿಂತು ಅದರಲ್ಲಿ ಸಣ್ಣ ಸಣ್ಣ ಹುಳ ಕುಣೀತಿತ್ತು. ಅವರ ಎದುರೇ ಡ್ರಮ್ ಬಗ್ಗಿಸಿ ಚೆಲ್ಲಿದೆ. ಈಗ ಎಲ್ಲ ಪೈಪ್ ಬಾಯಿಗೂ ಸಣ್ಣ ಕಣ್ಣಿನ ನೈಲಾನ್ ಮೆಶ್, ಮೇಲೆ ಕ್ಲಾಂಪ್, ಡ್ರಮ್ಮನ್ನ ಸ್ವಲ್ಪ ಓರೆಯಾಗಿ ಇಟ್ಟಿದೀನಿ ಪೂರ್ತಿ ಬರಿದಾಗ್ಲಿ ಅಂತ. ಮಳೆಕೊಯ್ಲು ಮಾಡಿ ಅನ್ನೋರು ಈ ವಿಷಯ ಒಂಚೂರು ಜೋರಾಗಿ ಹೇಳ್ಬೇಕು ನೋಡಿ.

ಇನ್ನ ಗಿಡಗಳ ಕಥೆ. 300 ರೂಪಾಯಿಗೆ ನೀರಲ್ಲಿ ಕರಗಿರೋ ಉಪ್ಪು ಅಳೆಯೋ ಒಂದು ಟಿಡಿಎಸ್ ಮೀಟರ್ ತರಿಸಿದ್ದೆ, ಬೋರ್ ನೀರಲ್ಲಿ ಇಟ್ರೆ 1,150 ತೋರಿಸ್ತು, ಮಳೆ ಟ್ಯಾಂಕಲ್ಲಿ 34. ಅಮ್ಮಂಗೆ ತೋರ್ಸಿದ್ರೆ, "ಇದಕ್ಕೆ ಮಿಶನ್ನು ಬೇರೆ ಬೇಕಾ, ಸೋಪು ನೊರೆ ನೋಡಿದ್ರೆ ಗೊತ್ತಾಗಲ್ವಾ" ಅಂದ್ರು. ಕುಂಡದ ಮೇಲಿನ ಬಿಳಿ ಪುಡಿ ಆಗಸ್ಟ್ ಹೊತ್ತಿಗೆ ತೊಳೆದು ಹೋಯ್ತು, ಕರಿಬೇವು ಹೊಸ ಚಿಗುರು ಕಡು ಹಸಿರಾಗಿ ಬಿಡ್ತು, ಕನಕಾಂಬರದಲ್ಲಿ ಎರಡು ಗಿಡ ಸತ್ತೇ ಹೋದ್ವು, ಉಳಿದಿದ್ದು ಚೇತರಿಸ್ಕೊಂಡ್ವು. ಮಳೆ ನೀರಿಗೋ ಮಳೆಗಾಲಕ್ಕೋ ಅಂತ ಕೇಳಿದ್ರೆ ಎರಡೂ ಇರ್ಬೋದು, ನಾನೇನು ಲ್ಯಾಬ್ ಇಟ್ಕೊಂಡಿಲ್ಲ.

ಅಮ್ಮ ಮಾತ್ರ ಅವರ ಪರೀಕ್ಷೆ ಅವರು ಮಾಡೇ ಮಾಡಿದ್ರು. ಒಂದಿನ ಆಶ್ಲೇಷ ಮಳೆ ಹೊಯ್ತಾ ಇದೆ, ಹಿಂದಿನ ಬಾಗಿಲಲ್ಲಿ ಸದ್ದಿಲ್ಲದೆ ಸ್ಟೀಲ್ ಬಿಂದಿಗೆ ಇಟ್ಟು ಮೇಲೆ ಬಿಳಿ ಪಂಚೆ ಕಟ್ಟಿ ನೀರು ಹಿಡೀತಿದಾರೆ. ಪೈಪಿಂದಲ್ಲ, ನೇರ ಆಕಾಶದಿಂದ. "ನಿಮ್ ಪಾರಿವಾಳದ ನೀರು ನಂಗ್ಬೇಡ" ಅಂದ್ರು. ಆ ನೀರಲ್ಲಿ ಕುಕ್ಕರ್ ಇಲ್ಲದೆ ಬರೀ ಪಾತ್ರೇಲಿ ತೊಗರಿಬೇಳೆ ಇಟ್ರು, ಚಿಟಿಕೆ ಅರಿಶಿನ, ಎರಡು ತೊಟ್ಟು ಎಣ್ಣೆ. ಪಕ್ಕದ ಒಲೇಲಿ ನಾನು ಹಠಕ್ಕೆ ಬೋರ್ ನೀರಲ್ಲಿ ಅದೇ ಡಬ್ಬದ ಬೇಳೆ ಇಟ್ಟೆ. ಇಪ್ಪತ್ತೈದು ನಿಮಿಷಕ್ಕೆ ಅಮ್ಮನ ಪಾತ್ರೇಲಿ ಬೇಳೆ ಒಡೆದು ಸೌಟಿಗೆ ಅಂಟ್ತಿತ್ತು, ನಂದು ಮುಕ್ಕಾಲು ಗಂಟೆ ಆದ್ರೂ ಕಾಳು ಕಾಳಾಗೇ ಇತ್ತು, ಮೇಲೆ ಬಿಳಿ ಕೆನೆ. ಅಮ್ಮ ಏನೂ ಮಾತಾಡ್ಲಿಲ್ಲ, ಸುಮ್ನೆ ಹುಣಸೆಹಣ್ಣು ಕಿವುಚ್ತಾ ಕೂತ್ರು. ಆ ಸುಮ್ನಿರೋದು ಇದ್ಯಲ್ಲ!

ಈಗ ಆ 60 ಸಾವಿರಕ್ಕೆ ಬರ್ತೀನಿ. ಗಿಡಕ್ಕೆ ದಿನಕ್ಕೆ ನನಗೆ ಬೇಕಾಗೋದು ಮೂರು ನಾಕು ಬಕೆಟ್, 60 ಲೀಟರ್ ಅಂದ್ಕೊಳ್ಳಿ. ಎರಡು ಟ್ಯಾಂಕ್ ತುಂಬಿದ್ರೆ ಒಂದು ತಿಂಗಳು. ಆದ್ರೆ ಮಳೆ ಬರೋ ತಿಂಗಳಲ್ಲಿ ಗಿಡಕ್ಕೆ ನೀರೇ ಬೇಡ, ಟ್ಯಾಂಕ್ ತುಂಬಿ ಕೂತಿರುತ್ತೆ, ಬರೋ ಮಳೆ ಎಲ್ಲ ಓವರ್‌ಫ್ಲೋ. ಬೇಕಾಗೋ ಫೆಬ್ರವರಿ ಮಾರ್ಚಲ್ಲಿ ಮಳೆ ಇಲ್ಲ. ಮಧ್ಯೆ ಮಧ್ಯೆ ಹತ್ತು ಹದಿನೈದು ದಿನ ಮಳೆ ಕೈಕೊಡುತ್ತಲ್ಲ, ಆಗ ಮಾತ್ರ ಟ್ಯಾಂಕ್ ನಿಜವಾಗಿ ದುಡಿಯೋದು. ಜೂನಿಂದ ನವೆಂಬರ್‌ವರೆಗೂ ಕ್ಯಾಲೆಂಡರಲ್ಲಿ ಗುರುತು ಹಾಕ್ಕೊಂಡು ಬಂದೆ, ಅಂಗಳ ತೊಳೆಯೋದು, ಗಾಡಿ ಒರೆಸೋದು ಎಲ್ಲ ಸೇರಿದ್ರೂ ಎರಡು ಟ್ಯಾಂಕ್ ಖಾಲಿಯಾಗಿ ತುಂಬಿದ್ದು ಐದೇ ಸಲ. 10 ಸಾವಿರ ಲೀಟರ್, ಒಂದು ಲಾರಿಗೂ ಕಮ್ಮಿ. ಖರ್ಚು ಕೂಲಿ, ರಿಪೇರಿ, ಆಂಟಿ ಸ್ಕೂಟರ್ ಎಲ್ಲ ಸೇರಿ 40 ಸಾವಿರ ದಾಟಿತ್ತು. ದುಡ್ಡಿನ ಲೆಕ್ಕದಲ್ಲಿ ನೋಡೋರಾದ್ರೆ ಇದನ್ನ ಮಾಡ್ಬೇಡಿ ಅಂತಾನೇ ಹೇಳ್ತೀನಿ. ಸ್ವಾತಿ ಮಳೆ ಮುಗಿದ ಮೇಲೆ ಕುಂಡಕ್ಕೆಲ್ಲ ಒಣ ಎಲೆ, ತೆಂಗಿನ ನಾರು ಮುಚ್ಚಿ ದಿನಕ್ಕೆ ಎರಡೇ ಬಕೆಟ್ಟಿಗೆ ಇಳಿಸ್ದೆ, ಸಂಕ್ರಾಂತಿವರೆಗೆ ಬಂತು, ಆಮೇಲೆ ಮತ್ತೆ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು.

ಟ್ಯಾಂಕ್ ಜಾಸ್ತಿ ಇಡೋಣ ಅಂದ್ರೆ ಜಾಗ ಇಲ್ಲ. ಉಳಿದಿದ್ದು ಒಂದೇ ದಾರಿ, ನೆಲಕ್ಕೆ ಇಂಗಿಸೋದು. 2025ರ ಜನವರೀಲಿ ಗೇಟ್ ಪಕ್ಕ ಬೈಕ್ ನಿಲ್ಲಿಸೋ ಜಾಗದಲ್ಲಿ ಇಂಗು ಬಾವಿ ತೋಡಿಸಿದ್ವಿ, ಮೂರಡಿ ಅಗಲ, ಇಪ್ಪತ್ತಡಿ ಆಳ. ಬಂದಿದ್ದು ಅಪ್ಪ ಮಗ, ಬಾವಿ ತೋಡೋ ಕಸುಬಿನ ಮಣ್ಣುವಡ್ಡರು. ಊದುಬತ್ತಿ ಹಚ್ಚಿ, ನಿಂಬೆಹಣ್ಣು ಕುಯ್ದು, ಮೊದಲ ಗುದ್ದಲಿ ಅಮ್ಮನ ಕೈಲಿ ಹಾಕ್ಸಿದ್ರು. ಮಗ ಒಳಗೆ ಇಳಿದು ಮೊಳದುದ್ದದ ಹಾರೇಲಿ ಅಗೆಯೋದು, ಅಪ್ಪ ಮೇಲೆ ನಿಂತು ಹಗ್ಗದಲ್ಲಿ ಬಾಂಡ್ಲಿ ಎಳೆಯೋದು. ಮೊದಲ ಎರಡಡಿ ಬರೀ ಕಟ್ಟಡದ ಕಸ, ಇಟ್ಟಿಗೆ ಚೂರು, ಒಂದು ಹಳೇ ಹವಾಯಿ ಚಪ್ಪಲಿ, ನಾವು ಮನೆ ಕಟ್ಟಿದಾಗಿನದ್ದೇ ಇರ್ಬೇಕು. ಆಮೇಲೆ ಕೆಂಪು ಮಣ್ಣು, ಅದರ ಕೆಳಗೆ ಅಂಟು ಅಂಟು ಜೇಡಿ, ಅಲ್ಲಿ ಬಹಳ ನಿಧಾನ ಆಯ್ತು. ಹದಿಮೂರು ಹದಿನಾಲ್ಕಡಿಗೆ ಒರಟು ಮೊರಂಪು ಸಿಕ್ತು. ಅಪ್ಪ ಒಂದು ಹಿಡಿ ಮಣ್ಣು ತಗೊಂಡು ಹಿಸುಕಿ ನನ್ನ ಕೈಗೆ ಹಾಕಿ, "ನೋಡ್ರವ್ವಾ, ಉಂಡೆ ಕಟ್ಟಲ್ಲ, ಇದು ನೀರು ಕುಡಿಯೋ ಮಣ್ಣು" ಅಂದ್ರು. ಎರಡು ಬಿಂದಿಗೆ ನೀರು ಸುರಿಸಿ ತೋರ್ಸಿದ್ರು, ಮಗ ಕೆಳಗಿಂದ "ಹೋಯ್ತು, ಹೋಯ್ತು" ಅಂತ ಕೂಗ್ತಿದ್ದ, ಕಾಫಿ ಕುಡಿಯೋದ್ರೊಳಗೆ ತಳ ಬರೀ ಒದ್ದೆ. ಅಲ್ಲಿಂದ ಇನ್ನೂ ಆರಡಿ ಹೋಗಿ, ಒಂದೊಂದಡಿ ಎತ್ತರದ ಸಿಮೆಂಟ್ ರಿಂಗು ಇಪ್ಪತ್ತು ಇಳಿಸಿ, ಸುತ್ತ ಜಲ್ಲಿ ತುಂಬಿ, ಮೇಲೆ ಸ್ಲ್ಯಾಬ್ ಮುಚ್ಚಿದ್ರು. ತಳಕ್ಕೆ ಸಿಮೆಂಟ್ ಹಾಕಲ್ಲ, ಅದೇ ತಾನೆ ಬಾಯಿ. ಮೂರು ದಿನದ ಕೆಲಸ. ಓವರ್‌ಫ್ಲೋ ನೀರು ಒಂದು ಸಣ್ಣ ಚೇಂಬರಲ್ಲಿ ಮಣ್ಣು ಇಳಿಸಿ ಬಾವಿಗೆ ಹೋಗೋ ಹಾಗೆ ಮಾಡಿದ್ವಿ.

ಮೇ ತಿಂಗಳು ಆ ಬಾವಿಗೆ ಪರೀಕ್ಷೆ. 2025ರ ಮೇ ನೆನಪಿದ್ಯಲ್ಲ, ತಿಂಗಳಲ್ಲಿ 300 ಮಿಮೀ ದಾಟಿದ್ದು. 18ನೇ ತಾರೀಖು ಭಾನುವಾರ ರಾತ್ರಿ ಶುರುವಾಗಿ ಬೆಳಗಿನವರೆಗೂ ಸುರೀತು, ಊರಲ್ಲಿ ಎಷ್ಟೋ ಲೇಔಟ್ ಮುಳುಗಿದ್ವು. ಹೋದ ವರ್ಷದ ಹೆದರಿಕೆಗೆ ಇವ್ರು ಸ್ಕ್ರೂಡ್ರೈವರ್ ದಿಂಬಿನ ಪಕ್ಕ ಇಟ್ಕೊಂಡು ಮಲಗಿದ್ರು. ಬೆಳಗ್ಗೆ ಸ್ಲ್ಯಾಬ್ ಸರಿಸಿ ಟಾರ್ಚ್ ಬಿಟ್ಟು ರಿಂಗ್ ಎಣಿಸ್ದೆ, ಮೇಲಿಂದ ಏಳನೇ ರಿಂಗಿಗೆ ನೀರು. ಸಂಜೆ ನೋಡಿದ್ರೆ ಹನ್ನೊಂದನೇದು. ಮಾರನೇ ದಿನ ಬೆಳಗ್ಗೆ ಹದಿನಾರು. ರಸ್ತೆಗೆ ಹೋಗಿದ್ದು ಹೆಚ್ಚು ಕಮ್ಮಿ ಏನೂ ಇಲ್ಲ. ಇದರಿಂದ ನಮ್ಮ ಬೋರ್ ತುಂಬ್ತಾ ಅಂತ ಎಲ್ಲರೂ ಕೇಳ್ತಾರೆ, ಇಲ್ಲ ಸ್ವಾಮಿ, ಬೋರು 800 ಅಡಿ, ಬಾವಿ 20 ಅಡಿ, ಮೇಲೆ ಹುಯ್ದಿದ್ದು ನಾಳೆನೇ ನಲ್ಲೀಲಿ ಬರುತ್ತೆ ಅನ್ನೋದೆಲ್ಲ ಸುಳ್ಳು. ನೀರು ಎಲ್ಲಿಗೋ ಹೋಯ್ತು, ಮೋರಿಗಂತೂ ಹೋಗ್ಲಿಲ್ಲ, ನನಗಷ್ಟೇ ಗೊತ್ತಿರೋದು.

ಆವತ್ತು ನಾನು ಬಗ್ಗಿ ರಿಂಗ್ ಎಣಿಸ್ತಿದ್ದಾಗ ಪಕ್ಕದ ಮನೆ ಆಂಟಿ ಕಾಂಪೌಂಡ್ ಆಚೆಯಿಂದ ಬಹಳ ಹೊತ್ತು ನೋಡಿ, "ಎಷ್ಟು ಹಿಡಿಯುತ್ತಮ್ಮಾ ಅದು?" ಅಂದ್ರು. ತುಂಬಿದ್ರೆ ನಾಕು ಸಾವಿರ ಲೀಟರ್ ಆಂಟಿ ಅಂದೆ. ಸ್ವಲ್ಪ ಯೋಚನೆ ಮಾಡಿ, "ನಮ್ಮ ಟೆರೇಸ್ ಪೈಪೂ ಈ ಗೋಡೆ ಪಕ್ಕನೇ ಇಳಿಯುತ್ತೆ ನೋಡು, ಅದನ್ನೂ ಇದಕ್ಕೇ ಬಿಟ್ಕೊಳ್ಳೋಕಾಗುತ್ತಾ?" ಅಂದ್ರು. ಎರಡು ಮನೆ ನೀರು ಒಟ್ಟಿಗೆ ಬಂದ್ರೆ ಬಾವಿ ತಡೆಯುತ್ತಾ ಅಂತ ಇವ್ರು ಇನ್ನೂ ಲೆಕ್ಕ ಹಾಕ್ತಾನೇ ಇದಾರೆ, ಗೋಡೆ ತೂತು ಹಾಕೋದು, ಹನ್ನೆರಡಡಿ ಪೈಪು, ಎರಡು ಎಲ್ಬೋ, ಇದರ ದುಡ್ಡು ಯಾರು ಕೊಡ್ಬೇಕು ಅನ್ನೋದೂ ಇನ್ನೂ ಬಗೆಹರಿದಿಲ್ಲ. ಪೈಪು ಮಾತ್ರ ನಾಕಿಂಚೇ ಅಂತ ಮೊದಲೇ ಹೇಳಿಟ್ಟಿದೀನಿ.